ಕಾಲ ಕೆಟ್ಟಿತೆ, ಕಣ್ಣು ಕೆಟ್ಟಿತೆ?

“ಕಾಲ ಕೆಟ್ಟುಹೋಯಿತು” ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಮನೆಯ ಜಗಲಿಯಲ್ಲಿ, ಮದುವೆಯ ಚಪ್ಪರದಲ್ಲಿ, ಶಾಲೆಯ ವಾರ್ಷಿಕೋತ್ಸವದ ಭಾಷಣದಲ್ಲಿ ಈ ಮಾತು ಒಮ್ಮೆಯಾದರೂ ಕೇಳಿಬಾರದೆ ಹೋಗುವುದಿಲ್ಲ. ಈಗಿನ ಹುಡುಗರಿಗೆ ಹಿರಿಯರಲ್ಲಿ ಭಯವೂ ಇಲ್ಲ, ಭಕ್ತಿಯೂ ಇಲ್ಲ, ತಾಳ್ಮೆಯೆಂಬುದು ಮೊದಲೇ ಇಲ್ಲ, ಪುಸ್ತಕವನ್ನು ಮುಟ್ಟುವುದಿಲ್ಲ, ಬಾಯಿಲೆಕ್ಕ ಬಾರದು, ಕೈಯಲ್ಲಿರುವ ಮೊಬೈಲ್ ಫೋನಿನಿಂದ ತಲೆಯೆತ್ತುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೆ “ನಮ್ಮ ಕಾಲದ ಎಸ್.ಎಸ್.ಎಲ್.ಸಿ. ಈಗಿನ ಬಿ.ಎ.ಗೆ ಸಮ” ಎಂಬ ಮುಕ್ತಾಯ. ಕಿರಿಯರಾದರೋ “ಶುರುವಾಯಿತು ಪುರಾಣ” ಎಂದು ಮುಸಿಮುಸಿ ನಕ್ಕು ಎದ್ದುಹೋಗುತ್ತಾರೆ.

ಈ ಎರಡು ಪಕ್ಷಗಳಲ್ಲಿ ಯಾವುದು ಸರಿ? ದೂರುವವನ ತಲೆ ನರೆತಿದೆಯೆಂಬ ಕಾರಣಕ್ಕೆ ದೂರು ನಿಜವಾಗುವುದಿಲ್ಲ. ಕೇಳುವವನು ನಕ್ಕನೆಂಬ ಕಾರಣಕ್ಕೆ ಅದು ಸುಳ್ಳೂ ಆಗುವುದಿಲ್ಲ. ಒಂದು ತಲೆಮಾರನ್ನು ಇನ್ನೊಂದರ ಪಕ್ಕದಲ್ಲಿಟ್ಟು ಅಳೆಯಲು ಸಾಧ್ಯವೆ? ಸಾಧ್ಯವಾದರೆ ಅಳತೆ ಏನನ್ನು ಹೇಳುತ್ತದೆ? ಈಚಿನ ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಜಗಲಿಯ ಹರಟೆಯಿಂದ ಎತ್ತಿ ಪ್ರಯೋಗಾಲಯಕ್ಕೆ ತಂದಿದ್ದಾರೆ. ಅವರು ಕಂಡುಕೊಂಡದ್ದನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ.

ದೂರಿನ ಪ್ರಾಚೀನತೆ

ಮೊದಲು ಗಮನಿಸಬೇಕಾದುದು ಈ ದೂರಿನ ವಯಸ್ಸು. ನಮ್ಮ ಪುರಾಣಗಳ ಯುಗಕಲ್ಪನೆ ಎಲ್ಲರಿಗೂ ತಿಳಿದದ್ದೇ. ಧರ್ಮವೆಂಬ ಗೋವು ಕೃತಯುಗದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತಿತ್ತು. ಯುಗಕ್ಕೊಂದರಂತೆ ಕಾಲು ಕಳೆದುಕೊಂಡು ಕಲಿಯುಗದಲ್ಲಿ ಒಂಟಿಕಾಲಿನ ಮೇಲೆ ತೂಗಾಡುತ್ತಿದೆ. ಕ್ರಿ. ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯಡ್ ಕೂಡ ಮಾನವಕುಲ ಚಿನ್ನದ ಯುಗದಿಂದ ಇಳಿದಿಳಿದು ತನ್ನ ಕಾಲಕ್ಕೆ ಕಬ್ಬಿಣದ ಯುಗವನ್ನು ಮುಟ್ಟಿತೆಂದು ಹಲುಬಿದ್ದಾನೆ. ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ಕವಿ ಹೊರೇಸನು, ತಾನು ಹುಡುಗನಾಗಿದ್ದ ಕಾಲವನ್ನು ಹೊಗಳುತ್ತ ಕಿರಿಯರನ್ನು ತೆಗಳುವುದು ಮುದುಕರ ಸ್ವಭಾವವೆಂದು ಹಾಸ್ಯಮಾಡಿದ್ದಾನೆ. ಅವನ ಕಾಲಕ್ಕೇ ಇದು ಹಾಸ್ಯಕ್ಕೆ ವಸ್ತುವಾಗುವಷ್ಟು ಹಳೆಯದಾಗಿತ್ತು!

ಹೊಸ ಉಪಕರಣಗಳ ಮೇಲಿನ ಆಪಾದನೆಯೂ ಹಳೆಯದೇ. ಇಂದು ಮೊಬೈಲ್ ಫೋನು ಮಕ್ಕಳ ಸ್ಮರಣಶಕ್ತಿಯನ್ನು ನುಂಗುತ್ತಿದೆ ಎನ್ನುತ್ತೇವೆ. ಪ್ಲೇಟೋನ ‘ಫೀಡ್ರಸ್’ ಎಂಬ ಸಂವಾದದಲ್ಲಿ ಸಾಕ್ರೆಟೀಸನು ಒಂದು ಈಜಿಪ್ಟಿನ ಕಥೆ ಹೇಳುತ್ತಾನೆ. ಥ್ಯೂತ್ ಎಂಬ ದೇವತೆ ತಾನು ಕಂಡುಹಿಡಿದ ಹೊಸ ವಿದ್ಯೆಯನ್ನು ರಾಜನಿಗೆ ಒಪ್ಪಿಸಿದಾಗ, ಇದನ್ನು ಕಲಿತವರು ನೆನಪಿನ ಅಭ್ಯಾಸವನ್ನು ಬಿಟ್ಟು ಮರೆಗುಳಿಗಳಾಗುವರೆಂದು ರಾಜನು ಎಚ್ಚರಿಸುತ್ತಾನೆ. ಆ ಹೊಸ ವಿದ್ಯೆ ಯಾವುದು? ಬರವಣಿಗೆ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಯುವಕರು ಭೋಗಪ್ರಿಯರು, ಹಿರಿಯರು ಬಂದರೆ ಎದ್ದು ನಿಲ್ಲುವುದಿಲ್ಲ, ಗುರುಗಳನ್ನು ಪೀಡಿಸುತ್ತಾರೆ ಎಂಬರ್ಥದ ಒಂದು ಉಕ್ತಿ ಸಾಕ್ರೆಟೀಸನ ಹೆಸರಿನಲ್ಲಿ ಜಗತ್ತಿನಾದ್ಯಂತ ಸಂಚರಿಸುತ್ತಿದೆ. ಸಾಕ್ರೆಟೀಸನು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಕೆನೆತ್ ಜಾನ್ ಫ್ರೀಮನ್ ಎಂಬ ಕೇಂಬ್ರಿಜ್ ವಿದ್ವಾಂಸರು ಪ್ರಾಚೀನ ಗ್ರೀಸಿನಲ್ಲಿ ಯುವಕರ ಮೇಲಿದ್ದ ದೂರುಗಳನ್ನು ತಮ್ಮ ಮಾತುಗಳಲ್ಲಿ ಸಂಗ್ರಹಿಸಿ ಬರೆದ ವಾಕ್ಯಗಳು ಅವು. 1907ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಕಳಚಿಕೊಂಡು, ಕಾಲಕ್ರಮದಲ್ಲಿ ಸಾಕ್ರೆಟೀಸನ ಬಾಯಿಗೆ ಸೇರಿದವು. ಹಿಂದಿನ ಕಾಲದ ಬಗ್ಗೆ ನಾವು ಎಷ್ಟು ಸುಲಭವಾಗಿ ನಂಬಿಬಿಡುತ್ತೇವೆಂಬುದಕ್ಕೆ ಇದೂ ಒಂದು ನಿದರ್ಶನ.

ಒಂದು ಸಣ್ಣ ಲೆಕ್ಕ ಮಾಡೋಣ. ಹೊರೇಸನಿಂದ ಇಂದಿನವರೆಗೆ ಸುಮಾರು 2,000 ವರ್ಷ. ತಲೆಮಾರಿಗೆ 25 ವರ್ಷವೆಂದರೆ 80 ತಲೆಮಾರುಗಳು. ಪ್ರತಿಯೊಂದು ತಲೆಮಾರೂ ಹಿಂದಿನದಕ್ಕಿಂತ ನೂರಕ್ಕೆ ಐದರಷ್ಟು ಮಾತ್ರ ಕೆಟ್ಟಿದೆ ಎಂದು ಎಣಿಸಿದರೆ, 0.95ನ್ನು ಎಂಬತ್ತು ಸಲ ಗುಣಿಸಬೇಕು. ಫಲ 0.02ಕ್ಕಿಂತಲೂ ಕಡಿಮೆ. ಎಂದರೆ, ರೋಮಿನ ಯುವಕನಲ್ಲಿ ನೂರು ಪಾಲು ಸದ್ಗುಣವಿದ್ದರೆ ನಮ್ಮಲ್ಲಿ ಎರಡು ಪಾಲೂ ಉಳಿದಿರಬಾರದು. ಆದರೂ ಸೇತುವೆಗಳು ನಿಲ್ಲುತ್ತಿವೆ, ಔಷಧಗಳು ರೋಗ ವಾಸಿಮಾಡುತ್ತಿವೆ, ಮಕ್ಕಳು ತಂದೆತಾಯಿಯರನ್ನು ಸಲಹುತ್ತಿದ್ದಾರೆ. ಎಲ್ಲ ಕಾಲದ ದೂರೂ ನಿಜವಾಗಿರಲು ಶಕ್ಯವಿಲ್ಲ.

ಹಾಗೆಂದ ಮಾತ್ರಕ್ಕೆ ಇಂದಿನ ದೂರು ಸುಳ್ಳೆಂದು ಸಾಧಿಸಿದಂತಾಗಲಿಲ್ಲ. ಯಾರ ಕಂಕುಳಲ್ಲಿಟ್ಟರೂ 102 ಡಿಗ್ರಿ ತೋರಿಸುವ ಜ್ವರಮಾಪಕವೊಂದಿದೆ ಎನ್ನಿ. ನಿಜವಾಗಿ ಜ್ವರ ಬಂದವನಿಗೂ ಅದು 102 ತೋರಿಸೀತು. ಆದರೆ ಅದನ್ನು ನೋಡಿ ಜ್ವರವಿದೆಯೋ ಇಲ್ಲವೋ ಹೇಳುವಂತಿಲ್ಲ. ಹಿರಿಯರ ದೂರಿನ ಸ್ಥಿತಿಯೂ ಹೀಗೆಯೇ. ಎಲ್ಲ ಕಾಲಗಳಲ್ಲೂ ಒಂದೇ ತೆರನಾಗಿ ಕೇಳಿಬಂದಿರುವುದರಿಂದ ಅದು ಸಾಕ್ಷ್ಯವಾಗಲಾರದು. ಬೇರೆ ಮಾಪಕ ಬೇಕು.

ವಯಸ್ಸಿನ ಗುಣವೋ, ತಲೆಮಾರಿನ ಗುಣವೋ?

ಅಳೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಒಂದುಂಟು. ಅರುವತ್ತು ವರ್ಷದ ಅಜ್ಜನನ್ನೂ ಹದಿನಾರು ವರ್ಷದ ಮೊಮ್ಮಗನನ್ನೂ ಇಂದು ಎದುರುಬದುರು ಕೂರಿಸಿ ಹೋಲಿಸಿದರೆ ಕಾಣುವ ವ್ಯತ್ಯಾಸಕ್ಕೆ ಎರಡು ಕಾರಣಗಳಿರಬಹುದು. ಅವರ ವಯಸ್ಸು ಬೇರೆ. ಅವರು ಹುಟ್ಟಿ ಬೆಳೆದ ಕಾಲವೂ ಬೇರೆ. ಮೊಮ್ಮಗನು ಚಂಚಲನಾಗಿದ್ದರೆ ಅದು ಹದಿನಾರರ ಗುಣವೋ, ಈ ತಲೆಮಾರಿನ ಗುಣವೋ? ತೀರ್ಮಾನಿಸಬೇಕಾದರೆ ಇಂದಿನ ಹದಿನಾರನ್ನು ಅಂದಿನ ಹದಿನಾರರೊಡನೆ ಹೋಲಿಸಬೇಕು. ಅಂದಿನ ಹದಿನಾರು ಈಗ ಎಲ್ಲಿದೆ? ಅಜ್ಜನ ನೆನಪಿನಲ್ಲಿ ಮಾತ್ರ.

ಅರಿಸ್ಟಾಟಲನು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿಯೇ ಈ ವಿವೇಕವನ್ನು ತೋರಿದ್ದನು. ತನ್ನ ಭಾಷಣಶಾಸ್ತ್ರದಲ್ಲಿ ಯುವಕರು ಬಿಸಿರಕ್ತದವರು, ಚಂಚಲರು, ಎಲ್ಲವನ್ನೂ ಅತಿಯಾಗಿ ಮಾಡುವವರು ಎಂದು ವರ್ಣಿಸಿದ್ದಾನೆ. ಬೆನ್ನಲ್ಲೇ ಮುದುಕರ ಸಂಶಯಬುದ್ಧಿಯನ್ನೂ ಅಂಜುಬುರುಕುತನವನ್ನೂ ಬಿಡದೆ ಬಣ್ಣಿಸಿದ್ದಾನೆ. ಇವೆಲ್ಲ ಆಯಾ ವಯಸ್ಸಿನ ಲಕ್ಷಣಗಳೆಂದೇ ಅವನ ಎಣಿಕೆ. ಇಂದಿನ ಶರೀರವಿಜ್ಞಾನ ಇದಕ್ಕೆ ಒಂದು ಆಧಾರವನ್ನೂ ಒದಗಿಸಿದೆ. ಮುಂದಾಲೋಚನೆಗೂ ಸಂಯಮಕ್ಕೂ ಬಹುಮಟ್ಟಿಗೆ ಕಾರಣವಾದ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಇದು ಅಜ್ಜನಿಗೂ ಅನ್ವಯಿಸಿದ ನಿಯಮವೇ.

ವಯಸ್ಸನ್ನೂ ತಲೆಮಾರನ್ನೂ ಬೇರ್ಪಡಿಸುವ ಉಪಾಯವನ್ನು ಅಮೆರಿಕದ ವಾರ್ನರ್ ಶಾಯೆ ಎಂಬ ವಿದ್ವಾಂಸರು ಮಾಡಿ ತೋರಿಸಿದರು. 1956ರಲ್ಲಿ ಸಿಯಾಟಲ್ ನಗರದಲ್ಲಿ ಬೇರೆ ಬೇರೆ ವಯಸ್ಸಿನ 500 ಮಂದಿ ವಯಸ್ಕರಿಗೆ ಅವರು ಬೌದ್ಧಿಕ ಪರೀಕ್ಷೆಗಳನ್ನು ಕೊಟ್ಟರು. ಏಳು ವರ್ಷಗಳಿಗೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸಿದರು. ಪ್ರತಿಸಲವೂ ಹೊಸಬರನ್ನು ಸೇರಿಸಿಕೊಂಡರು. ಒಂದೇ ದಿನದ ಪರೀಕ್ಷೆಯಲ್ಲಿ ಮುದುಕರು ಯುವಕರಿಗಿಂತ ಬಹಳ ಹಿಂದೆ ಕಂಡರು. ಬುದ್ಧಿ ಯೌವನದಿಂದಲೇ ಇಳಿಯತೊಡಗುವುದೆಂದು ಯಾರಾದರೂ ಹೇಳಬೇಕು, ಹಾಗೆ. ಆದರೆ ಅದೇ ವ್ಯಕ್ತಿಗಳನ್ನು ವರ್ಷಾನುವರ್ಷ ಹಿಂಬಾಲಿಸಿದಾಗ, ಅನೇಕ ಸಾಮರ್ಥ್ಯಗಳು ಅರುವತ್ತರ ಹತ್ತಿರದವರೆಗೂ ಕುಂದದೆ ಇರುವುದು ಕಂಡುಬಂದಿತು. ಮೊದಲು ಕಂಡಿದ್ದ ವ್ಯತ್ಯಾಸದ ಒಂದು ಪಾಲು ಮುಪ್ಪಿನದಲ್ಲ, ತಲೆಮಾರಿನದು: ಈಚೆಗೆ ಹುಟ್ಟಿದವರು, ತರ್ಕದಂಥ ವಿಷಯಗಳಲ್ಲಿ, ಅದೇ ವಯಸ್ಸಿನಲ್ಲಿದ್ದ ಹಿಂದಿನವರಿಗಿಂತ ಮುಂದಿದ್ದರು. ಒಂದು ವಿಷಯದಲ್ಲಿ ಮಾತ್ರ ಫಲ ತಿರುಗುಮುರುಗಾಯಿತು. ಅಂಕೆಗಳನ್ನು ಕೂಡಿಕಳೆಯುವ ಚುರುಕಿನಲ್ಲಿ 1924ರ ಸುಮಾರಿನಲ್ಲಿ ಹುಟ್ಟಿದವರೇ ಶಿಖರದಲ್ಲಿದ್ದರು. ಅವರ ಅನಂತರದವರು ಇಳಿಮುಖ. “ಬಾಯಿಲೆಕ್ಕ ಬಾರದು” ಎಂಬ ಹಿರಿಯರ ದೂರಿಗೆ ಅಮೆರಿಕದ ಮಟ್ಟಿಗಾದರೂ ಆಧಾರವಿದೆಯೆಂದಾಯಿತು.

ತಾಳ್ಮೆಯ ಪರೀಕ್ಷೆ

ಹಿಂದಿನವರನ್ನು ಇಂದಿನವರೊಡನೆ ಸಮವಯಸ್ಸಿನಲ್ಲಿ ಹೋಲಿಸಬೇಕಾದರೆ, ಹಿಂದೆ ಯಾರಾದರೂ ಮಾಡಿಟ್ಟ ಅಳತೆಯನ್ನೇ ಇಂದು ಪುನಃ ಮಾಡಬೇಕು. ಅಂಥ ಅವಕಾಶ ಅಪರೂಪ. ತಾಳ್ಮೆಯ ವಿಷಯದಲ್ಲಿ ಅದು ದೊರೆತಿದೆ.

1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಮಿಶೆಲ್ ಎಂಬವರು ಅಲ್ಲಿನ ಶಿಶುವಿಹಾರದ ಮಕ್ಕಳಿಗೆ ಒಂದು ಪರೀಕ್ಷೆಯನ್ನು ಏರ್ಪಡಿಸಿದರು. ಮಗುವಿನ ಮುಂದೆ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಮಿಠಾಯಿಯನ್ನೋ ಅಂಥದೇ ಬೇರೊಂದು ತಿನಿಸನ್ನೋ ಇಡುವುದು. “ಈಗಲೇ ತಿನ್ನಬಹುದು, ಆದರೆ ನಾವು ಹಿಂತಿರುಗಿ ಬರುವ ತನಕ ಕಾದರೆ ಹೆಚ್ಚು ದೊರೆಯುತ್ತದೆ” ಎಂದು ಹೇಳಿ ಹೊರಟುಹೋಗುವುದು. ಮಗು ಎಷ್ಟು ಹೊತ್ತು ಕಾಯುತ್ತದೆ ಎಂಬುದೇ ಅಳತೆ. ಈ ಪ್ರಯೋಗ 1980ರ ದಶಕದಲ್ಲಿಯೂ 2000ದ ದಶಕದಲ್ಲಿಯೂ ಅಮೆರಿಕದಲ್ಲಿ ಮತ್ತೆ ನಡೆಯಿತು.

ಮಿನೆಸೋಟ ವಿಶ್ವವಿದ್ಯಾನಿಲಯದ ಸ್ಟೆಫನಿ ಕಾರ್ಲ್‌ಸನ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಈ ಮೂರು ದಶಕಗಳ ಫಲಗಳನ್ನು ಒಟ್ಟಿಗಿಟ್ಟು ನೋಡಿದರು. ಅದಕ್ಕೆ ಮುಂಚೆ 358 ಮಂದಿ ವಯಸ್ಕರನ್ನು, ಇಂದಿನ ಮಕ್ಕಳು ಹೆಚ್ಚು ಕಾಯುವರೋ ಕಡಿಮೆ ಕಾಯುವರೋ ಎಂದು ಕೇಳಿದರು. ನೂರಕ್ಕೆ 72ರಷ್ಟು ಜನ ಕಡಿಮೆ ಎಂದರು. ಆಗಲೇ ಮನೆಮನೆಗಳಲ್ಲಿ ದೂರದರ್ಶನ, ಗಣಕಯಂತ್ರ ಎಲ್ಲವೂ ತುಂಬಿದ್ದುವಷ್ಟೆ, ಊಹೆ ಸಹಜವೇ. ಫಲ ಮಾತ್ರ ಇದಕ್ಕೆ ವಿರುದ್ಧವಾಗಿತ್ತು. ಹತ್ತು ನಿಮಿಷಗಳ ಅವಧಿಯಲ್ಲಿ 2000ದ ದಶಕದ ಮಕ್ಕಳು 1960ರ ದಶಕದ ಮಕ್ಕಳಿಗಿಂತ ಸರಾಸರಿ ಎರಡು ನಿಮಿಷ ಹೆಚ್ಚಾಗಿಯೂ, 1980ರ ದಶಕದವರಿಗಿಂತ ಒಂದು ನಿಮಿಷ ಹೆಚ್ಚಾಗಿಯೂ ಕಾದಿದ್ದರು. ತಜ್ಞರಾದರೂ ಸರಿಯಾಗಿ ಊಹಿಸುತ್ತಿದ್ದರೆ? ಇನ್ನೊಂದು ಅಧ್ಯಯನದಲ್ಲಿ ಈ ವಿಷಯದ ಪಂಡಿತರನ್ನೇ ಕೇಳಿದಾಗ, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ತಾಳ್ಮೆ ಕುಗ್ಗಿದೆ ಎಂದೇ ಹೇಳಿದ್ದರು.

ಶಿಶುವಿಹಾರಕ್ಕೆ ಹೋಗುವ ರೂಢಿ ಹೆಚ್ಚಿದುದು, ಅಮೂರ್ತವಾಗಿ ಯೋಚಿಸುವ ಶಕ್ತಿ ಬೆಳೆದುದು ಇವೇ ಕಾರಣವಿರಬಹುದೆಂದು ಸಂಶೋಧಕರು ಸೂಚಿಸಿದ್ದಾರೆ. ಒಂದು ದೇಶದ, ಬಹುಮಟ್ಟಿಗೆ ಅನುಕೂಲಸ್ಥರ ಮಕ್ಕಳಲ್ಲಿ ನಡೆದ ಪ್ರಯೋಗ ಇದಾದ್ದರಿಂದ ಲೋಕಕ್ಕೆಲ್ಲ ಇದನ್ನೇ ಅನ್ವಯಿಸಬಾರದು. ಆದರೆ ಅಳೆಯಲು ಸಾಧ್ಯವಾದಲ್ಲಿ ಜನರ ದೃಢವಾದ ನಂಬಿಕೆ ಹೇಗೆ ತಲೆಕೆಳಗಾಗಬಹುದೆಂಬುದಕ್ಕೆ ಇಷ್ಟು ಸಾಕು.

ಬುದ್ಧಿಯ ಏರಿಕೆ, ಹಿರಿಯರಿಗೆ ನ್ಯಾಯ

ಇದಕ್ಕಿಂತ ಆಶ್ಚರ್ಯಕರವಾದ ಸಂಗತಿ ಬುದ್ಧಿಪರೀಕ್ಷೆಗಳಿಂದ ಹೊರಬಂದಿತು. ಬುದ್ಧಿಲಬ್ಧ ಅಥವಾ ಐ.ಕ್ಯೂ. ಎಂಬ ಸಂಖ್ಯೆಯಲ್ಲಿ ಸರಾಸರಿ ಯಾವಾಗಲೂ 100. ಅದು ಹಾಗಿರುವಂತೆ ಪರೀಕ್ಷೆಯನ್ನು ಆಗಾಗ ಹೊಸ ಜನರ ಮೇಲೆ ಪ್ರಯೋಗಿಸಿ ತಿದ್ದಿ ಹೊಂದಿಸುತ್ತಾರೆ. ಒಂದೇ ಗುಂಪಿಗೆ ಹಳೆಯ ಪರೀಕ್ಷೆಯನ್ನೂ ಹೊಸದನ್ನೂ ಕೊಟ್ಟರೆ ಏನಾಗುತ್ತದೆ? ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದಲ್ಲಿದ್ದ ಜೇಮ್ಸ್ ಫ್ಲಿನ್ ಅಂಥ ಫಲಿತಾಂಶಗಳನ್ನು ಕೂಡಿಹಾಕಿದರು. ಹಳೆಯ ಪರೀಕ್ಷೆಯಲ್ಲಿ ಎಲ್ಲರಿಗೂ ಹೆಚ್ಚು ಅಂಕ ಬರುತ್ತಿತ್ತು. ಎಂದರೆ ಹಳೆಯ ಕಾಲದ ಸರಾಸರಿಯನ್ನು ಮೀರುವುದು ಸುಲಭವಾಗಿತ್ತು. 1932ರಿಂದ 1978ರವರೆಗೆ ಅಮೆರಿಕದ ಜನರ ಸರಾಸರಿ ಸುಮಾರು 14 ಅಂಶ ಏರಿದೆಯೆಂದು ಅವರು 1984ರಲ್ಲಿ ಪ್ರಕಟಿಸಿದರು. 1987ರಲ್ಲಿ 14 ದೇಶಗಳ ಅಂಕಿಗಳನ್ನು ನೋಡಿದಾಗಲೂ ಏರಿಕೆಯೇ ಕಂಡಿತು. ಹಾಲೆಂಡಿನಲ್ಲಿ ಸೈನ್ಯಕ್ಕೆ ಕರೆಬಂದ ಹದಿನೆಂಟರ ತರುಣರ ಅಂಕ 1952ರಿಂದ 1982ರೊಳಗೆ ಸುಮಾರು 20 ಅಂಶ ಏರಿತ್ತು. ಇದಕ್ಕೆ ‘ಫ್ಲಿನ್ ಪರಿಣಾಮ’ ಎಂದು ಹೆಸರಾಯಿತು.

ಇದನ್ನು ಓದಿ ಕಿರಿಯರು ಮೀಸೆ ತಿರುವುವುದಕ್ಕೆ ಮೊದಲು ಇನ್ನೊಂದು ಮಾತನ್ನು ಕೇಳಬೇಕು. ಈ ಅಂಕಿಗಳನ್ನು ಅಕ್ಷರಶಃ ನಂಬಿದರೆ ನಮ್ಮ ಮುತ್ತಜ್ಜಂದಿರೆಲ್ಲ ಮಂದಮತಿಗಳೆಂದಾಗುತ್ತದೆ. ಮಳೆ ನಕ್ಷತ್ರಗಳನ್ನು ಎಣಿಸಿ ಬಿತ್ತನೆಯ ದಿನ ಗೊತ್ತುಮಾಡುತ್ತಿದ್ದವರು, ಬಂಡಿಯನ್ನೂ ಏತವನ್ನೂ ಕಟ್ಟುತ್ತಿದ್ದವರು ಮಂದಮತಿಗಳೆ? ಫ್ಲಿನ್ನರೇ ಈ ತೊಡಕನ್ನು ಬಿಡಿಸಲು ರಷ್ಯದ ಅಲೆಕ್ಸಾಂಡರ್ ಲೂರಿಯ ಎಂಬ ವಿಜ್ಞಾನಿಯ ಸಂದರ್ಶನಗಳನ್ನು ನೆನಪಿಸಿದರು. ಲೂರಿಯ 1930ರ ದಶಕದ ಆದಿಯಲ್ಲಿ ಉಜ್ಬೆಕಿಸ್ತಾನದ ಓದುಬರಹ ತಿಳಿಯದ ರೈತರಿಗೆ ಒಂದು ಪ್ರಶ್ನೆ ಹಾಕಿದ್ದರು: ದೂರದ ಉತ್ತರದಲ್ಲಿ, ಹಿಮ ಬೀಳುವ ಕಡೆ, ಕರಡಿಗಳೆಲ್ಲ ಬಿಳಿಯವು, ಇಂಥ ಊರು ಉತ್ತರದಲ್ಲಿದೆ, ಅಲ್ಲಿನ ಕರಡಿಗಳ ಬಣ್ಣವೇನು? ರೈತರ ಉತ್ತರದ ಸಾರ: ನಾವು ಅಲ್ಲಿಗೆ ಹೋದವರಲ್ಲ, ಕಂಡವರನ್ನು ಕೇಳಿ, ಕಾಣದ್ದನ್ನು ಹೇಳುವುದು ನಮ್ಮ ಪದ್ಧತಿಯಲ್ಲ.

ಇದು ದಡ್ಡತನವಲ್ಲ, ಬೇರೆ ಬಗೆಯ ವಿವೇಕ. ಪ್ರತ್ಯಕ್ಷವಾದುದನ್ನೇ ನಂಬಿ ಬಾಳುವವನಿಗೆ ‘ಹೀಗಿದೆ ಎಂದಿಟ್ಟುಕೊಳ್ಳೋಣ’ ಎಂಬ ಮಾತು ಹುರುಳಿಲ್ಲದ್ದು. ಶಾಲೆಗೆ ಹೋದವನಿಗೋ ಅದೇ ನಿತ್ಯದ ಅಭ್ಯಾಸ. ಬೀಜಗಣಿತದ ಮೊದಲನೆಯ ಪುಟದಿಂದಲೇ ಅವನು ಕಾಣದ ‘ಕ್ಷ’ವನ್ನು ಇಟ್ಟುಕೊಂಡು ಲೆಕ್ಕ ಮಾಡುತ್ತಾನೆ. ಶಾಲೆ, ಪುಷ್ಟಿಕರವಾದ ಆಹಾರ, ಚಿಕ್ಕ ಸಂಸಾರ, ಹೊಸ ಬಗೆಯ ಉದ್ಯೋಗ ಎಲ್ಲವೂ ಸೇರಿ ಮನಸ್ಸನ್ನು ಅಮೂರ್ತದ ಕಡೆಗೆ ತಿರುಗಿಸಿದುವು; ಬುದ್ಧಿಪರೀಕ್ಷೆ ಅಳೆಯುವುದೂ ಹೆಚ್ಚಾಗಿ ಅದನ್ನೇ. ಒಂದು ತಲೆಮಾರಿನ ಮೊಳಕೋಲಿನಿಂದ ಇನ್ನೊಂದನ್ನು ಅಳೆದರೆ ಅನ್ಯಾಯವಾಗುತ್ತದೆಂಬ ಪಾಠ ಇಲ್ಲಿದೆ. ಹಿರಿಯರು ಕಿರಿಯರಿಗೆ ಮಾಡುವ ಈ ಅನ್ಯಾಯವನ್ನೇ ಕಿರಿಯರು ಹಿರಿಯರಿಗೂ ಮಾಡಬಲ್ಲರು.

ಜರಡಿ ಹಿಡಿದ ಹಿಂದಿನ ಕಾಲ

ಇನ್ನು “ನಮ್ಮ ಕಾಲದ ಎಸ್.ಎಸ್.ಎಲ್.ಸಿ.”ಯ ಮಾತಿಗೆ ಬರೋಣ. ಇದು ಬರಿಯ ಹೆಮ್ಮೆಯ ಮಾತಲ್ಲ. ಇದರಲ್ಲಿ ಒಂದು ನಿಜವೂ ಇದೆ, ಒಂದು ಗಣಿತದ ಮೋಸವೂ ಇದೆ.

ಒಂದು ಊರಿನಲ್ಲಿ 100 ಮಕ್ಕಳಿದ್ದಾರೆನ್ನಿ. ಹಿಂದೆ ಅವರಲ್ಲಿ ಅನುಕೂಲವಿದ್ದ 10 ಮಂದಿ ಮಾತ್ರ ಪ್ರೌಢಶಾಲೆಗೆ ಹೋಗುತ್ತಿದ್ದರು. ಅವರ ಸರಾಸರಿ 70 ಅಂಕ. ಮಿಕ್ಕ 90 ಮಂದಿ ದನ ಮೇಯಿಸುತ್ತಿದ್ದರು, ತಂಗಿ ತಮ್ಮಂದಿರನ್ನು ಎತ್ತಿಕೊಂಡಿರುತ್ತಿದ್ದರು. ಈಗ ನೂರು ಮಂದಿಯೂ ಶಾಲೆಗೆ ಬಂದರು. ಆ ಹತ್ತರಂಥವರು 75 ಅಂಕ ಪಡೆದರು. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಂಡ ತೊಂಬತ್ತು ಮಂದಿ ಸರಾಸರಿ 45 ಪಡೆದರು. ಈಗ ಶಾಲೆಯ ಸರಾಸರಿ ಎಷ್ಟು? 10 × 75 ಮತ್ತು 90 × 45 ಕೂಡಿಸಿ ನೂರರಿಂದ ಭಾಗಿಸಿದರೆ 48. ಸರಾಸರಿ 70ರಿಂದ 48ಕ್ಕೆ ಕುಸಿಯಿತು. ಆದರೆ ಯಾವ ಮಗುವೂ ಹಿಂದೆ ಹೋಗಲಿಲ್ಲ. ಪ್ರತಿಯೊಬ್ಬರೂ ಮುಂದೆ ಬಂದರು!

ಭಾರತದಲ್ಲಿ 1951ರ ಜನಗಣತಿಯಂತೆ ಅಕ್ಷರಸ್ಥರು ನೂರಕ್ಕೆ ಸುಮಾರು 18. 2011ರ ಜನಗಣತಿಯಂತೆ ನೂರಕ್ಕೆ ಸುಮಾರು 74. ಅಂದಿನ ತರಗತಿಯ ಮಟ್ಟವನ್ನು ಕೊಂಡಾಡುವಾಗ, ತರಗತಿಯ ಹೊರಗೆ ಉಳಿದಿದ್ದವರ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ. ಜರಡಿಯಲ್ಲಿ ಉಳಿದ ಕಾಳನ್ನು ಮಾತ್ರ ನೋಡಿ, ಹಿಂದಿನ ಬೆಳೆಯೆಲ್ಲ ಗಟ್ಟಿಕಾಳು ಎಂದಂತಾಯಿತು. ಹಳೆಯ ಗುಡಿಗಳನ್ನು ನೋಡಿ ಹಿಂದಿನವರು ಕಟ್ಟಿದ್ದೆಲ್ಲ ಗಟ್ಟಿ ಎಂದು ಹೇಳುವುದೂ ಇದೇ ಜಾತಿಯ ತಪ್ಪು. ಬಿದ್ದುಹೋದ ಮನೆಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲವಷ್ಟೆ.

ಕಣ್ಣಿನ ದೋಷ

ಹಾಗಾದರೆ ಪ್ರಾಮಾಣಿಕರೂ ವಿವೇಕಿಗಳೂ ಆದ ಹಿರಿಯರು ಕಾಲಕಾಲಕ್ಕೆ ಒಂದೇ ಭ್ರಮೆಗೆ ಏಕೆ ಒಳಗಾಗುತ್ತಾರೆ? 2019ರಲ್ಲಿ ಕ್ಯಾಲಿಫೋರ್ನಿಯದ ಜಾನ್ ಪ್ರೊಟ್ಸ್ಕೊ ಮತ್ತು ಜೊನಾಥನ್ ಸ್ಕೂಲರ್ ಎಂಬ ಮನಶ್ಶಾಸ್ತ್ರಜ್ಞರು ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನರ ಅಭಿಪ್ರಾಯಗಳನ್ನು ಪರೀಕ್ಷಿಸಿ ಇದಕ್ಕೊಂದು ಉತ್ತರ ಕೊಟ್ಟರು. ಎಲ್ಲರೂ ಎಲ್ಲವನ್ನೂ ದೂರುವುದಿಲ್ಲ ಎಂಬುದೇ ಅವರು ಕಂಡ ಮುಖ್ಯ ಸಂಗತಿ. ಅಧಿಕಾರಕ್ಕೆ ಹೆಚ್ಚು ಬೆಲೆಕೊಡುವವರು, ಈಗಿನ ಮಕ್ಕಳಿಗೆ ಹಿರಿಯರಲ್ಲಿ ಗೌರವವಿಲ್ಲ ಎನ್ನುತ್ತಾರೆ. ಬುದ್ಧಿಪರೀಕ್ಷೆಯಲ್ಲಿ ಮುಂದಿರುವವರು, ಈಗಿನ ಮಕ್ಕಳಿಗೆ ಬುದ್ಧಿ ಸಾಲದು ಎನ್ನುವುದು ಹೆಚ್ಚು. ಬಹಳ ಓದಿಕೊಂಡವರು, ಈಗಿನ ಮಕ್ಕಳಿಗೆ ಓದಿನಲ್ಲಿ ರುಚಿಯಿಲ್ಲ ಎನ್ನುತ್ತಾರೆ. ತಾನು ಯಾವುದರಲ್ಲಿ ಗಟ್ಟಿಗನೋ ಅದರ ಕೊರತೆಯೇ ಪ್ರತಿಯೊಬ್ಬನ ಕಣ್ಣಿಗೂ ಬೀಳುತ್ತದೆ.

ಇದರೊಡನೆ ನೆನಪಿನ ಆಟವೂ ಸೇರುತ್ತದೆ. ಇಂದು ನಾವು ಏನಾಗಿದ್ದೇವೆಯೋ ಅದೇ ಬಣ್ಣವನ್ನು ನಮ್ಮ ಬಾಲ್ಯಕ್ಕೂ, ಅಂದಿನ ಗೆಳೆಯರೆಲ್ಲರಿಗೂ ಬಳಿದುಬಿಡುತ್ತೇವೆ. ಇಂದು ಪುಸ್ತಕದ ಹುಳುವಾಗಿರುವವನಿಗೆ ಅಂದಿನ ಮಕ್ಕಳೆಲ್ಲ ಪುಸ್ತಕದ ಹುಳುಗಳಾಗಿದ್ದಂತೆಯೇ ನೆನಪು. ಇದನ್ನು ಖಚಿತಪಡಿಸಲು ಸಂಶೋಧಕರು ಒಂದು ಯುಕ್ತಿ ಹೂಡಿದರು. ಓದಿನ ಪರೀಕ್ಷೆ ಬರೆದವರಲ್ಲಿ ಕೆಲವರಿಗೆ, ಅವರ ನಿಜವಾದ ಅಂಕ ಏನೇ ಇರಲಿ, “ನೀವು ಬಹಳ ಮುಂದಿದ್ದೀರಿ” ಎಂದೂ, ಉಳಿದವರಿಗೆ “ನೀವು ಹಿಂದಿದ್ದೀರಿ” ಎಂದೂ ತಿಳಿಸಿದರು. ಹಿಂದಿದ್ದೇವೆಂದು ನಂಬಿದವರ ದೂರು ಮೆತ್ತಗಾಯಿತು. ಇಂದಿನ ಮಕ್ಕಳು ಆ ಕೆಲವು ನಿಮಿಷಗಳಲ್ಲಿ ಬದಲಾಗಿರಲಿಲ್ಲವಷ್ಟೆ. ಬದಲಾದುದು ನೋಡುವವನು ತನ್ನ ಬಗ್ಗೆ ಇಟ್ಟುಕೊಂಡ ಅಭಿಪ್ರಾಯ ಮಾತ್ರ.

ನೀತಿಯ ವಿಷಯದಲ್ಲಿಯೂ ಹೀಗೆಯೇ. ಆಡಮ್ ಮಾಸ್ಟ್ರೊಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕನಿಷ್ಠ 60 ದೇಶಗಳ ಜನ ನೀತಿ ಕುಸಿಯುತ್ತಿದೆಯೆಂದು ನಂಬುತ್ತಾರೆ. ಕನಿಷ್ಠ 70 ವರ್ಷಗಳಿಂದ ಹೀಗೆಯೇ ನಂಬಿದ್ದಾರೆ. ಆದರೆ “ನಿಮ್ಮ ಸುತ್ತಲಿನವರು ನಿಮ್ಮನ್ನು ಗೌರವದಿಂದ ಕಂಡರೆ? ಯಾರಿಗಾದರೂ ಸಹಾಯ ಮಾಡಿದಿರಾ?” ಎಂದು ಕೇಳಿದ ವರ್ಷವರ್ಷದ ಸಮೀಕ್ಷೆಗಳಲ್ಲಿ ಅಂಥ ಕುಸಿತ ಕಾಣುವುದಿಲ್ಲ. ಇನ್ನೂ ಸ್ವಾರಸ್ಯವೆಂದರೆ, ತಾವು ಹುಟ್ಟುವುದಕ್ಕೆ ಮೊದಲಿನ ಕಾಲದ ಬಗ್ಗೆ ಕೇಳಿದರೂ, ತಮಗೆ ಚೆನ್ನಾಗಿ ಪರಿಚಯವಿರುವವರ ಬಗ್ಗೆ ಕೇಳಿದರೂ ಜನ ಈ ದೂರನ್ನು ಹೇಳುವುದಿಲ್ಲ. ಕೆಟ್ಟ ಸುದ್ದಿ ಬೇಗ ಕಿವಿಗೆ ಬೀಳುತ್ತದೆ. ಕೆಟ್ಟ ನೆನಪಿನ ಕಹಿ ಬೇಗ ಆರುತ್ತದೆ. ಆದ್ದರಿಂದ ಇಂದು ಯಾವಾಗಲೂ ಕರಾಳವಾಗಿಯೂ, ನಿನ್ನೆ ಯಾವಾಗಲೂ ಮಧುರವಾಗಿಯೂ ತೋರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆ ದೂರದ ಊರಿಗೆ ಮಾತ್ರವಲ್ಲ, ದೂರದ ಕಾಲಕ್ಕೂ ಸಲ್ಲುತ್ತದೆ.

ದೂರೆಲ್ಲ ಹುಸಿಯೆ?

ಇಷ್ಟರಿಂದ, ಹಿರಿಯರು ಹೇಳಿದ್ದೆಲ್ಲ ಹುಸಿಯೆಂದು ಕಿರಿಯರು ನೆಮ್ಮದಿಯಿಂದ ಮಲಗುವಂತಿಲ್ಲ. ಅಂಕಗಣಿತದ ಸಂಗತಿಯನ್ನು ಮೇಲೆಯೇ ಕಂಡೆವು. ಅಮೆರಿಕದ 13 ವರ್ಷದ ಮಕ್ಕಳಲ್ಲಿ ದಿನವೂ ಎಂಬಂತೆ ಸಂತೋಷಕ್ಕಾಗಿ ಓದುವವರು 1984ರಲ್ಲಿ ನೂರಕ್ಕೆ 35 ಮಂದಿ ಇದ್ದರು. 2023ರಲ್ಲಿ 14 ಮಂದಿ ಮಾತ್ರ. ಅದೇ ವಯಸ್ಸಿಗೆ ಅದೇ ಪ್ರಶ್ನೆಯನ್ನು ಕೇಳಿ ದೊರೆತ ಅಂಕಿ ಇದಾದ್ದರಿಂದ ಇದನ್ನು ನೆನಪಿನ ಆಟವೆಂದು ತಳ್ಳಿಹಾಕುವಂತಿಲ್ಲ. ಫ್ಲಿನ್ ಪರಿಣಾಮವೂ ಎಲ್ಲೆಡೆ ಮುಂದುವರಿದಿಲ್ಲ. ನಾರ್ವೆಯಲ್ಲಿ 1970ರ ದಶಕದ ನಡುವಿನಿಂದ ಈಚೆಗೆ ಹುಟ್ಟಿದ ತರುಣರ ಅಂಕಗಳು ಇಳಿಯುತ್ತ ಬಂದುವೆಂದು 2018ರಲ್ಲಿ ಬರ್ನ್ಟ್ ಬ್ರಾಟ್ಸ್‌ಬರ್ಗ್ ಮತ್ತು ಓಲೆ ರೋಗೆಬರ್ಗ್ ತೋರಿಸಿದರು.

ಆದರೆ ಈ ನಾರ್ವೆಯ ಅಧ್ಯಯನದಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿದೆ. ಒಂದೇ ತಂದೆತಾಯಿಯರ ಮಕ್ಕಳಲ್ಲಿ, ಅಣ್ಣನಿಗೂ ತಮ್ಮನಿಗೂ ಹೋಲಿಸಿದಾಗಲೂ ಅದೇ ಇಳಿತ ಕಂಡಿತು. ಒಂದೇ ಮನೆ, ಒಂದೇ ರಕ್ತ. ನಡುವೆ ಬದಲಾದುದು ಅವರು ಬೆಳೆದ ವರ್ಷಗಳ ಪರಿಸರ. ಆದ್ದರಿಂದ ಕಾರಣವನ್ನು ಶಾಲೆ, ಓದಿನ ರೀತಿ, ಬಿಡುವಿನ ವೇಳೆಯ ಬಳಕೆ ಮೊದಲಾದ ಕಡೆ ಹುಡುಕಬೇಕು.

ನಮ್ಮ ದೇಶದ ಒಂದು ಉದಾಹರಣೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ‘ಅಸರ್’ ಎಂಬ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಪಾಠವನ್ನು ಕೊಟ್ಟು ಓದಿಸಿ ನೋಡುತ್ತಾರೆ. ಐದನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಸುಮಾರು ಅರ್ಧದಷ್ಟಿದ್ದರು. 2022ರಲ್ಲಿ ನೂರಕ್ಕೆ ಸುಮಾರು 43ಕ್ಕೆ ಇಳಿದರು. 2024ರ ಹೊತ್ತಿಗೆ ಬಹುಮಟ್ಟಿಗೆ ಚೇತರಿಸಿಕೊಂಡರು. ನಾಲ್ಕು ವರ್ಷಗಳಲ್ಲಿ ಮಕ್ಕಳ ಸ್ವಭಾವ ಕೆಟ್ಟು, ಎರಡು ವರ್ಷಗಳಲ್ಲಿ ನೆಟ್ಟಗಾಯಿತೆ? ನಡುವೆ ಕೋವಿಡ್ ಬಂದಿತ್ತು; 2020ರಿಂದ ಬಹುಕಾಲ ಶಾಲೆಗಳು ಮುಚ್ಚಿದ್ದುವು. “ಈಗಿನ ಮಕ್ಕಳಿಗೆ ಓದಲು ಬಾರದು” ಎಂಬ ಮಾತು ಆ ವರ್ಷ ಅಳತೆಯಿಂದಲೂ ನಿಜವಾಗಿತ್ತು. ಆದರೆ ಅದು ಮಕ್ಕಳ ಮೇಲಿನ ಆಪಾದನೆಯಾಗಿ ಸುಳ್ಳಾಗಿತ್ತು. ಸ್ವಭಾವ ಕೆಟ್ಟಿತೆಂದು ನಂಬಿದವನು ಗದರಿಸಿ ಕೈತೊಳೆದುಕೊಳ್ಳುತ್ತಾನೆ. ಶಾಲೆ ಮುಚ್ಚಿತ್ತೆಂದು ಅರಿತವನು ಕಳೆದುಹೋದ ಪಾಠವನ್ನು ಕಲಿಸಲು ಕೂರುತ್ತಾನೆ. ಆ ಮಗುವಿನ ಮುಂದಿನ ಬಾಳು ಈ ಇಬ್ಬರಲ್ಲಿ ಯಾರ ಕೈಗೆ ಸಿಕ್ಕಿತೆಂಬುದನ್ನು ಅವಲಂಬಿಸಿದೆ.

ಒಂದು ತಲೆಮಾರು ತಾನು ಬೆಳೆಯುವ ಮನೆಯನ್ನೂ ಶಾಲೆಯನ್ನೂ ಆಟದ ಬಯಲನ್ನೂ ತಾನೇ ಕಟ್ಟಿಕೊಳ್ಳುವುದಿಲ್ಲ. ಅದಕ್ಕೆ ಮುಂಚಿನವರು ಕಟ್ಟಿಕೊಡುತ್ತಾರೆ. ಕೈಗೆ ಬಂದ ಮೊಬೈಲ್ ಫೋನನ್ನು ತಯಾರಿಸಿದವರೂ ಮಾರಿದವರೂ ಕೊಂಡುಕೊಟ್ಟವರೂ ಹಿರಿಯರೇ. ದೂರು ನಿಜವಾದಾಗಲೂ ಅದರ ಅರ್ಧ ಪಾಲು ದೂರುವವನ ಮನೆಬಾಗಿಲಿಗೇ ಹಿಂತಿರುಗುತ್ತದೆ.

ಆದ್ದರಿಂದ ಇನ್ನೊಮ್ಮೆ “ಕಾಲ ಕೆಟ್ಟುಹೋಯಿತು” ಎಂಬ ಮಾತು ಕಿವಿಗೆ ಬಿದ್ದಾಗ, ವಿದ್ಯಾರ್ಥಿಗಳಾದ ನಮ್ಮ ವಾಚಕರು ಸಿಟ್ಟಾಗದೆ, ನಗದೆ, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಹೋಲಿಕೆ ಒಂದೇ ವಯಸ್ಸಿನವರ ನಡುವೆ ನಡೆದಿದೆಯೆ? ಅಂದಿನವರೆಂದರೆ ಅಂದಿನ ಎಲ್ಲರೋ, ಜರಡಿಯಲ್ಲಿ ಉಳಿದವರೋ? ಅಂದಿನ ಸಂಗತಿಗೆ ಬರೆದಿಟ್ಟ ಅಳತೆ ಇದೆಯೋ, ನೆನಪೊಂದೇ ಇದೆಯೋ? ಈ ಮೂರನ್ನೂ ದಾಟಿ ನಿಂತ ದೂರನ್ನು ನಾವು ವಿನಯದಿಂದ ಒಪ್ಪಿಕೊಂಡು ತಿದ್ದಿಕೊಳ್ಳತಕ್ಕದ್ದು. ದಾಟದ ದೂರಿಗೆ, ಹೇಳಿದವರ ವಯಸ್ಸಿಗೆ ಸಲ್ಲುವ ಗೌರವವನ್ನು ಸಲ್ಲಿಸಿ, ಸುಮ್ಮನಿರಬಹುದು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಿದೆ. ಇಂದು ಕಂಕುಳಲ್ಲಿ ಆ ಜ್ವರಮಾಪಕವನ್ನು ಇಡಿಸಿಕೊಳ್ಳುತ್ತಿರುವವರ ಕೈಗೇ ಇನ್ನು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಅದು ಬರುತ್ತದೆ. ಆಗಲೂ ಅದು 102 ಡಿಗ್ರಿಯನ್ನೇ ತೋರಿಸುತ್ತಿರುತ್ತದೆ.